ಗುಂಡುಸೂಜಿಯ ಲೆಕ್ಕ

ದೇಶ ಮುಂದುವರಿಯಬೇಕಾದರೆ ಜನ ಇನ್ನೂ ಹೆಚ್ಚು ಹೊತ್ತು ದುಡಿಯಬೇಕು ಎಂಬ ಬೋಧನೆ ಈಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತಿದೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲಿ ಒಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು, ಭಾರತದ ಉತ್ಪಾದಕತೆ ಬಹಳ ಕೆಳಮಟ್ಟದಲ್ಲಿದೆ, ಆದಕಾರಣ ತರುಣರು ವಾರಕ್ಕೆ 70 ಗಂಟೆ ದುಡಿಯಲು ಸಿದ್ಧರಾಗಬೇಕು ಎಂದರು. 2025ರ ಜನವರಿಯಲ್ಲಿ ಇನ್ನೊಂದು ದೊಡ್ಡ ಕಂಪನಿಯ ಅಧ್ಯಕ್ಷರ ಬಾಯಲ್ಲಿ ಇದು 90 ಗಂಟೆಗೆ ಏರಿತು. ಇವೆಲ್ಲ ಬರಿಯ ಮಾತೆಂದು ತಳ್ಳಿಹಾಕುವಂತಿಲ್ಲ. 2023ರ ಆರಂಭದಲ್ಲೇ ನಮ್ಮ ರಾಜ್ಯದ ವಿಧಾನಮಂಡಲ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು, ವಾರಕ್ಕೆ 48 ಗಂಟೆಯ ಮಿತಿಯನ್ನು ಹೆಸರಿಗೆ ಇಟ್ಟುಕೊಂಡು, ಕಾರ್ಮಿಕನ ಲಿಖಿತ ಒಪ್ಪಿಗೆಯ ಮೇಲೆ ದಿನಕ್ಕೆ 12 ಗಂಟೆಯವರೆಗೆ ದುಡಿಸಿಕೊಳ್ಳಲು ದಾರಿ ಮಾಡಿಕೊಟ್ಟಿತು. ಒಪ್ಪದಿದ್ದರೆ ನಾಳೆ ಗೇಟಿನೊಳಕ್ಕೆ ಬರಬೇಡ ಎನ್ನಿಸಿಕೊಳ್ಳುವ ಗುತ್ತಿಗೆ ಕೆಲಸಗಾರನ ಒಪ್ಪಿಗೆಗೆ ಎಷ್ಟು ಬೆಲೆಯೆಂಬುದನ್ನು ನಮ್ಮ ವಾಚಕರಿಗೆ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಉತ್ಪಾದಕತೆ ಹೆಚ್ಚಬಾರದೆಂದು ನಾವು ಹೇಳುವವರಲ್ಲ. ಬಡತನವನ್ನು ಹಂಚಿಕೊಳ್ಳುವುದು ಸಮಾಜವಾದವಲ್ಲ. ಆದರೆ ಉತ್ಪಾದಕತೆ ಎಂದರೇನು, ಅದು ಹೇಗೆ ಹೆಚ್ಚುತ್ತದೆ, ಹೆಚ್ಚಿದ್ದು ಯಾರ ಮನೆ ಸೇರುತ್ತದೆ ಎಂಬ ಮೂರು ಪ್ರಶ್ನೆಗಳನ್ನು ಕೇಳದೆ ಹೆಗಲು ಕೊಡಲು ನಾವು ಸಿದ್ಧರಿಲ್ಲ.

ಮೊದಲನೆಯದಾಗಿ, ಉತ್ಪಾದನೆ ಬೇರೆ, ಉತ್ಪಾದಕತೆ ಬೇರೆ. ಒಬ್ಬ ನೇಕಾರ 8 ಗಂಟೆಯಲ್ಲಿ 40 ಮೀಟರು ಬಟ್ಟೆ ನೇಯುತ್ತಾನೆಂದು ಇಟ್ಟುಕೊಳ್ಳೋಣ. ಅವನನ್ನೇ 12 ಗಂಟೆ ನಿಲ್ಲಿಸಿದರೆ, ಕೊನೆಯ ಗಂಟೆಗಳಲ್ಲಿ ಕೈಸೋತು 52 ಮೀಟರಿಗೆ ನಿಂತಿತೆನ್ನೋಣ. ಮಾಲೀಕನ ಪುಸ್ತಕದಲ್ಲಿ ಬಟ್ಟೆ ಹೆಚ್ಚಾಯಿತು, ನಿಜ. ಆದರೆ ಗಂಟೆಗೆ 5 ಮೀಟರು ಬರುತ್ತಿದ್ದದ್ದು ನಾಲ್ಕೂ ಚಿಲ್ಲರೆಗೆ ಇಳಿಯಿತು. ಇದು ಉತ್ಪಾದಕತೆ ಏರಿದ್ದಲ್ಲ, ಇಳಿದದ್ದು. ಒಂದು ಗಂಟೆಯ ದುಡಿಮೆಯಿಂದ ಎಷ್ಟು ಹುಟ್ಟಿತು ಎಂಬುದೇ ಉತ್ಪಾದಕತೆಯ ಅಳತೆ. ಗಂಟೆಗಳನ್ನೇ ಹೆಚ್ಚಿಸಿ ಅದಕ್ಕೆ ಉತ್ಪಾದಕತೆಯೆಂದು ಹೆಸರಿಡುವುದು, ಸೇರನ್ನು ಎರಡು ಸಲ ಅಳೆದು ರಾಗಿ ಹೆಚ್ಚಾಯಿತೆಂದು ಹೇಳಿದಂತೆ.

ಹೊತ್ತು ಕಡಿಮೆ ಮಾಡಿದರೆ ಕೆಲಸ ಕೆಡುತ್ತದೆಂಬ ಭಯಕ್ಕೂ ಆಧಾರವಿಲ್ಲ. ಜರ್ಮನಿಯ ಯೇನಾ ನಗರದಲ್ಲಿ ಮಸೂರ ಮತ್ತು ಸೂಕ್ಷ್ಮದರ್ಶಕಗಳನ್ನು ಮಾಡುವ ಝೈಸ್ ಕಾರ್ಖಾನೆಯಿತ್ತು. ಅದರ ಮುಖ್ಯಸ್ಥ ಅರ್ನ್ಸ್ಟ್ ಆಬೆ ಸ್ವತಃ ವಿಜ್ಞಾನಿ. 1900ರಲ್ಲಿ ಆತ ದಿನದ ಕೆಲಸವನ್ನು 9 ಗಂಟೆಯಿಂದ 8 ಗಂಟೆಗೆ ಇಳಿಸಿ, ಹಿಂದಿನ ವರ್ಷದ ಲೆಕ್ಕವನ್ನೂ ಮುಂದಿನ ವರ್ಷದ ಲೆಕ್ಕವನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ. 9 ಗಂಟೆಯಲ್ಲಿ ಆಗುತ್ತಿದ್ದುದಕ್ಕಿಂತ 8 ಗಂಟೆಯಲ್ಲಿ ಆದ ಕೆಲಸ ಸ್ವಲ್ಪ ಹೆಚ್ಚೇ ಇತ್ತು. ನಮ್ಮ ದೇಶದಲ್ಲೂ ಹೊತ್ತು ಇಳಿದದ್ದು ಒಂದೇ ದಿನಕ್ಕಲ್ಲ. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54 ಗಂಟೆ, 1946ರಲ್ಲಿ 48 ಗಂಟೆ. ಕೊನೆಯ ತಿದ್ದುಪಡಿ ಬಂದಾಗ ಕೇಂದ್ರದಲ್ಲಿ ಕಾರ್ಮಿಕ ಖಾತೆಯನ್ನು ನೋಡುತ್ತಿದ್ದವರು ಡಾ. ಅಂಬೇಡ್ಕರ್. ಈ ಮೂರೂ ಮೆಟ್ಟಿಲುಗಳಲ್ಲಿ ಕಾರ್ಮಿಕರ ಹೋರಾಟ ಸೇರಿದೆ. ಏರಿ ಬಂದ ಮೆಟ್ಟಿಲನ್ನು ಈಗ ಹಿಂದಕ್ಕೆ ಇಳಿಯಿರೆನ್ನುವವರು ಕಾರಣ ಹೇಳಬೇಕು.

ಹಾಗಾದರೆ ಉತ್ಪಾದಕತೆ ನಿಜವಾಗಿ ಹೆಚ್ಚುವುದು ಹೇಗೆ? ಇದಕ್ಕೆ ಅರ್ಥಶಾಸ್ತ್ರದ ಹಳೆಯ ಉತ್ತರವೊಂದಿದೆ. 1776ರಲ್ಲಿ ಸ್ಕಾಟ್ಲೆಂಡಿನ ಆಡಮ್ ಸ್ಮಿತ್ ಪ್ರಕಟಿಸಿದ ರಾಷ್ಟ್ರಗಳ ಸಂಪತ್ತಿನ ಬಗೆಗಿನ ಗ್ರಂಥ ಪ್ರಾರಂಭವಾಗುವುದೇ ಗುಂಡುಸೂಜಿಯ ಕಾರ್ಖಾನೆಯಿಂದ. ಒಬ್ಬ ತಂತಿ ಎಳೆಯುತ್ತಾನೆ, ಇನ್ನೊಬ್ಬ ನೆಟ್ಟಗೆ ಮಾಡುತ್ತಾನೆ, ಮತ್ತೊಬ್ಬ ಕತ್ತರಿಸುತ್ತಾನೆ, ಒಬ್ಬ ಮೊನೆ ಮಾಡುತ್ತಾನೆ. ತಲೆ ಮಾಡುವುದಕ್ಕೇ ಎರಡು ಮೂರು ಕೆಲಸ. ಕೊನೆಗೆ ಕಾಗದಕ್ಕೆ ಚುಚ್ಚಿಡುವುದೂ ಒಂದು ಕಸಬು. ಹೀಗೆ ಒಟ್ಟು 18 ಕೆಲಸಗಳು. ಹತ್ತು ಜನರಿದ್ದ, ಹೇಳಿಕೊಳ್ಳುವಂಥ ಯಂತ್ರಗಳೂ ಇಲ್ಲದ ಸಣ್ಣ ಕಾರ್ಖಾನೆಯೊಂದನ್ನು ಸ್ಮಿತ್ ಕಣ್ಣಾರೆ ನೋಡಿದ್ದ. ಆ ಹತ್ತು ಜನ ದಿನಕ್ಕೆ 48,000 ಸೂಜಿ ಮಾಡುತ್ತಿದ್ದರು. ಅದೇ ಹತ್ತು ಜನ ಬೇರೆ ಬೇರೆ ಕುಳಿತು, ಒಬ್ಬೊಬ್ಬನೂ ಪೂರ್ತಿ ಸೂಜಿಯನ್ನು ತಾನೇ ಮಾಡಹೊರಟರೆ ತಲೆಗೆ 20 ಸೂಜಿ ಕೂಡ ಆಗದು ಎಂದು ಅವನ ಅಂದಾಜು. ಎಲ್ಲಿಯ 200, ಎಲ್ಲಿಯ 48,000! ಇನ್ನೂರ ನಲವತ್ತು ಪಟ್ಟು.

ಇದಕ್ಕೆ ಸ್ಮಿತ್ ಕೊಟ್ಟ ಕಾರಣಗಳು ಮೂರು. ಒಂದೇ ಕೆಲಸವನ್ನು ಮಾಡಿ ಮಾಡಿ ಕೈ ಪಳಗುತ್ತದೆ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಕೈಹಾಕುವಾಗ ಹಾಳಾಗುವ ಹೊತ್ತು ಉಳಿಯುತ್ತದೆ. ಕೆಲಸ ಸಣ್ಣದಾದಷ್ಟೂ ಅದನ್ನು ಸುಲಭ ಮಾಡುವ ಸಲಕರಣೆ ಹೊಳೆಯುತ್ತದೆ, ಮತ್ತು ಅನೇಕ ಸಲ ಅದು ಹೊಳೆಯುವುದು ಆ ಕೆಲಸ ಮಾಡುವವನಿಗೇ. ಈ ಮೂರರಲ್ಲಿ ಎಲ್ಲಿಯೂ ಹೆಚ್ಚು ಹೊತ್ತು ದುಡಿಯಿರಿ ಎಂಬ ಮಾತಿಲ್ಲ. ಇದನ್ನೇ ಶ್ರಮವಿಭಜನೆ ಎನ್ನುತ್ತಾರೆ. ನಮ್ಮ ಗಿರಣಿಯ ಅಣ್ಣತಮ್ಮಂದಿರಿಗೆ ಇದು ಹೊಸದಲ್ಲ. ಹತ್ತಿ ಬಿಡಿಸುವ ಖಾತೆ, ಕಾರ್ಡಿಂಗ್, ಸ್ಪಿನ್ನಿಂಗ್, ವೈಂಡಿಂಗ್, ಸೈಜಿಂಗ್, ನೇಯ್ಗೆ ಎಂದು ಒಂದೇ ಬಟ್ಟೆ ಎಷ್ಟು ಕೈಗಳನ್ನು ದಾಟಿ ಬರುತ್ತದೆಂಬುದನ್ನು ಅವರು ದಿನವೂ ನೋಡುತ್ತಾರೆ.

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಆ 47,800 ಹೆಚ್ಚಿನ ಸೂಜಿಗಳು ಯಾರದು? ತಂತಿ ಎಳೆದವನು ನನ್ನದೆನ್ನುವಂತಿಲ್ಲ. ಮೊನೆ ಮಾಡಿದವನೂ ಹಾಗೆನ್ನುವಂತಿಲ್ಲ. ಅವನೊಬ್ಬನೇ ಆಗಿದ್ದರೆ 20 ಕೂಡ ಆಗುತ್ತಿರಲಿಲ್ಲ. ಹಾಗೆಯೇ ಮಾಲೀಕನೂ ಅದನ್ನು ತನ್ನದೊಂದೇ ಎನ್ನುವಂತಿಲ್ಲ. ಅವನ ತಂತಿ, ಅವನ ಛಾವಣಿ ಹತ್ತು ಜನರಿಲ್ಲದೆ ಒಂದು ಸೂಜಿಯನ್ನೂ ಕೊಡುತ್ತಿರಲಿಲ್ಲ. ಆ ಹೆಚ್ಚಳ ಹುಟ್ಟಿದ್ದು ಕೂಡಿ ದುಡಿದದ್ದರಿಂದ. ಕೂಡಿ ಹುಟ್ಟಿಸಿದ್ದನ್ನು ಹಂಚಿಕೊಳ್ಳಲು ಪ್ರಕೃತಿಯಾಗಲಿ ಗಣಿತವಾಗಲಿ ಒಂದು ಸೂತ್ರವನ್ನು ಬರೆದಿಟ್ಟಿಲ್ಲ. ಅದು ಒಪ್ಪಂದದಿಂದ ತೀರ್ಮಾನವಾಗಬೇಕಾದದ್ದು. ಒಪ್ಪಂದದಲ್ಲಿ ಒಂದು ಕಡೆ ಸಂಘವಿದ್ದು ಇನ್ನೊಂದು ಕಡೆ ಒಂಟಿ ಮನುಷ್ಯನಿದ್ದರೆ ಪಾಲು ಹೇಗೆ ಬೀಳುತ್ತದೆಂದು ಊಹಿಸಬಹುದು. ಮಾಲೀಕರು ಕೂಲಿಯನ್ನು ಏರಿಸಬಾರದೆಂದು ಸದ್ದಿಲ್ಲದೆ ಯಾವಾಗಲೂ ಒಂದಾಗಿರುತ್ತಾರೆ, ಕಾನೂನು ಮಾತ್ರ ಕೆಲಸಗಾರರ ಕೂಟವನ್ನಷ್ಟೇ ಅಪರಾಧವೆನ್ನುತ್ತದೆ ಎಂಬುದನ್ನು ಎತ್ತಿ ಹೇಳಿದವನೂ ಇದೇ ಸ್ಮಿತ್. ಅವನ ಹೆಸರು ಹೇಳಿ ನಮಗೆ ಉಪದೇಶ ಮಾಡುವವರು ಆ ಪುಟವನ್ನು ತೆರೆಯುವುದಿಲ್ಲ.

ಶ್ರಮವಿಭಜನೆಗೆ ಇನ್ನೊಂದು ಮುಖವಿದೆ. ಅದನ್ನು ಬಯಲಿಗಿಟ್ಟವನು ಕಾರ್ಮಿಕರ ಪಕ್ಷಪಾತಿಯೇನೂ ಅಲ್ಲ, ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ಲೆಕ್ಕ ಮಾಡುವ ಯಂತ್ರದ ಕನಸು ಕಂಡ ಈತ 1832ರಲ್ಲಿ ಕಾರ್ಖಾನೆಗಳ ಬಗ್ಗೆ ಒಂದು ಗ್ರಂಥ ಬರೆದು, ಅದೇ ಗುಂಡುಸೂಜಿಯ ಲೆಕ್ಕವನ್ನು ಮತ್ತೆ ತೆಗೆದ. ಅವನ ಲೆಕ್ಕದಲ್ಲೂ ಹತ್ತು ಜನ: ನಾಲ್ವರು ಗಂಡಸರು, ನಾಲ್ವರು ಹೆಂಗಸರು, ಇಬ್ಬರು ಮಕ್ಕಳು. ಎಲ್ಲರಿಗಿಂತ ಹೆಚ್ಚಿನ ಕೂಲಿ ದಿನಕ್ಕೆ 6 ಷಿಲಿಂಗ್, ಎಲ್ಲರಿಗಿಂತ ಕಡಿಮೆ ಒಬ್ಬ ಹುಡುಗನಿಗೆ ನಾಲ್ಕೂವರೆ ಪೆನ್ಸ್. 12 ಪೆನ್ಸಿಗೆ ಒಂದು ಷಿಲಿಂಗ್ ಆದ್ದರಿಂದ ಇದು 16 ಪಟ್ಟು ಅಂತರ. ಇಡೀ ಸೂಜಿಯನ್ನು ಒಬ್ಬನೇ ಮಾಡುವುದಾದರೆ, ಅತಿ ಕಷ್ಟದ ಕೆಲಸ ಬಲ್ಲ ಕುಶಲಿಗೆ ಇಡೀ ದಿನ ಹೆಚ್ಚಿನ ಕೂಲಿಯನ್ನೇ ಕೊಡಬೇಕು. ಕೆಲಸವನ್ನು ಒಡೆದರೆ ಕುಶಲತೆ ಬೇಕಾದ ಚೂರಿಗೆ ಮಾತ್ರ ಹೆಚ್ಚು ಕೊಟ್ಟು, ಉಳಿದದ್ದನ್ನು ಹೆಂಗಸರಿಂದ ಮಕ್ಕಳಿಂದ ಅಗ್ಗಕ್ಕೆ ಮಾಡಿಸಿಕೊಳ್ಳಬಹುದು. ಬ್ಯಾಬೇಜ್ ಇದನ್ನು ಮುಚ್ಚಿಡಲಿಲ್ಲ. ಇದೇ ಲಾಭವೆಂದು ಬರೆದ. ಹಾಗಾದರೆ ಕೆಲಸವನ್ನು ಒಡೆಯುವುದು ಎರಡು ರೀತಿಯಲ್ಲಿ ಮಾಲೀಕನಿಗೆ ಅನುಕೂಲ. ಒಂದು, ಸರಕು ಹೆಚ್ಚು ಬರುತ್ತದೆ. ಎರಡು, ಕೆಲಸಗಾರ ಅಗ್ಗವಾಗುತ್ತಾನೆ. ಮೊದಲನೆಯದು ದೇಶಕ್ಕೂ ಲಾಭ. ಎರಡನೆಯದು ಒಬ್ಬರ ಚೀಲದಿಂದ ಇನ್ನೊಬ್ಬರ ಚೀಲಕ್ಕೆ ಹೋದದ್ದು, ಅಷ್ಟೆ. ಎರಡನ್ನೂ ಉತ್ಪಾದಕತೆ ಎಂಬ ಒಂದೇ ಹೆಸರಿನಲ್ಲಿ ಮಾರುವಾಗ ನಾವು ಎಚ್ಚರವಾಗಿರಬೇಕು.

ನಮ್ಮ ದೇಶದಲ್ಲಿ ಇದರೊಡನೆ ಜಾತಿಯೂ ಸೇರಿಕೊಂಡಿದೆ. ಜಾತಿಯೆಂದರೆ ಶ್ರಮದ ವಿಭಜನೆ, ಅದರಲ್ಲಿ ತಪ್ಪೇನು ಎಂದು ವಾದಿಸುವ ಪಂಡಿತರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಅದು ಶ್ರಮವನ್ನು ಮಾತ್ರವಲ್ಲ, ಶ್ರಮಿಕರನ್ನೇ ವಿಭಜಿಸಿ ಒಬ್ಬರ ಮೇಲೊಬ್ಬರನ್ನು ಕೂರಿಸುತ್ತದೆ ಎಂದು ಅಂಬೇಡ್ಕರ್ 1936ರಲ್ಲೇ ಉತ್ತರ ಕೊಟ್ಟರು. ಮುಂಬಯಿಯ ಹತ್ತಿ ಗಿರಣಿಗಳಲ್ಲಿ ಅದರ ಸಾಕ್ಷಿ ಕಣ್ಣೆದುರಿಗಿತ್ತು. ಆಗಿನ ಮಗ್ಗಗಳಲ್ಲಿ ನೂಲು ತುಂಡಾದಾಗ ಲಾಳಿಯ ತೂತಿನಿಂದ ಎಳೆಯನ್ನು ಬಾಯಿಂದ ಹೀರಿ ತೆಗೆಯಬೇಕಾಗಿತ್ತು. ಅಸ್ಪೃಶ್ಯರು ಬಾಯಿಟ್ಟ ಲಾಳಿಗೆ ನಾವು ಬಾಯಿಡೆವೆಂದು ಸವರ್ಣ ನೇಕಾರರು ಹಟ ಹಿಡಿದರು. ಹಾಗಾಗಿ ಹೆಚ್ಚು ಸಂಬಳದ ನೇಯ್ಗೆ ಖಾತೆಯ ಬಾಗಿಲು ದಲಿತ ಕಾರ್ಮಿಕರಿಗೆ ಮುಚ್ಚಿತ್ತು. ಕಡಿಮೆ ಸಂಬಳದ ಸ್ಪಿನ್ನಿಂಗ್ ಖಾತೆಯೇ ಅವರಿಗೆ ಗತಿ. 1928ರ ದೊಡ್ಡ ಮುಷ್ಕರದ ಕಾಲದಲ್ಲಿ ಅಂಬೇಡ್ಕರ್ ಇದನ್ನೆತ್ತಿ ಕಾರ್ಮಿಕ ನಾಯಕರನ್ನೇ ಪ್ರಶ್ನಿಸಿದರು. ಆ ಮುಷ್ಕರದ ಕಾರಣಗಳಲ್ಲಿ ಒಂದು, ಎರಡು ಮಗ್ಗ ನೋಡುತ್ತಿದ್ದವನು ಇನ್ನು ಮೂರು ಮಗ್ಗ ನೋಡಬೇಕೆಂಬ ಮಾಲೀಕರ ಯೋಜನೆ. ತನ್ನ ಹೆಗಲಿನ ಹೊರೆಗಾಗಿ ಹೋರಾಡುವ ಕಾರ್ಮಿಕ ಪಕ್ಕದ ಖಾತೆಯ ಅನ್ಯಾಯವನ್ನು ತಾನೇ ಕಾಯುತ್ತಿದ್ದ. ಇದನ್ನು ನಾವು ಮರೆಮಾಚಬಾರದು. ಇಂದು ಕಾಯಂ ಕೆಲಸಗಾರ ಗುತ್ತಿಗೆಯವನನ್ನು ನೋಡುವ ನೋಟದಲ್ಲಿ ಆ ಲಾಳಿಯ ನೆನಪು ಉಳಿದಿಲ್ಲವೇ ಎಂದು ಪ್ರತಿಯೊಂದು ಸಂಘವೂ ತನ್ನನ್ನು ಕೇಳಿಕೊಳ್ಳಲಿ.

ಹೆಚ್ಚಿದ ಉತ್ಪಾದನೆ ಹೇಗೆ ಹಂಚಿಹೋಯಿತೆಂಬುದಕ್ಕೆ ಅಮೆರಿಕದ ಎರಡು ಉದಾಹರಣೆಗಳು ಸಾಕು. ವೈಜ್ಞಾನಿಕ ಆಡಳಿತವೆಂಬ ಹೆಸರಿನಲ್ಲಿ ಗಡಿಯಾರ ಹಿಡಿದು ಕೆಲಸಗಾರನ ಹಿಂದೆ ನಿಂತ ಫ್ರೆಡರಿಕ್ ಟೇಲರ್ 1911ರ ತನ್ನ ಗ್ರಂಥದಲ್ಲಿ ಉಕ್ಕಿನ ಕಾರ್ಖಾನೆಯ ಹಮಾಲನೊಬ್ಬನ ಕತೆ ಹೇಳಿದ್ದಾನೆ. ದಿನಕ್ಕೆ ಹನ್ನೆರಡೂವರೆ ಟನ್ ಕಬ್ಬಿಣ ಹೊರುತ್ತಿದ್ದವನಿಂದ ನಲವತ್ತೇಳೂವರೆ ಟನ್ ಹೊರಿಸಿದ್ದಾಯಿತು. ಕೂಲಿ 1 ಡಾಲರ್ 15 ಸೆಂಟಿನಿಂದ 1 ಡಾಲರ್ 85 ಸೆಂಟಿಗೆ ಏರಿತು. ಹೊರೆ ನಾಲ್ಕು ಪಟ್ಟಿನ ಹತ್ತಿರ, ಕೂಲಿ ಒಂದೂಮುಕ್ಕಾಲು ಪಟ್ಟೂ ಇಲ್ಲ. ಇದನ್ನು ಟೇಲರ್ ಹೆಮ್ಮೆಯಿಂದ ಬರೆದುಕೊಂಡ.

ಎರಡನೆಯದು ಹೆನ್ರಿ ಫೋರ್ಡನದು. 1913ರಲ್ಲಿ ಅವನ ಕಾರ್ಖಾನೆಯಲ್ಲಿ ಮೋಟಾರು ಚಲಿಸುವ ಸಾಲಿನ ಮೇಲೆ ಕೆಲಸಗಾರನ ಮುಂದಕ್ಕೆ ತಾನೇ ಬರತೊಡಗಿತು. ಹನ್ನೆರಡು ಗಂಟೆಗೂ ಮೇಲೆ ಹಿಡಿಯುತ್ತಿದ್ದ ಚೌಕಟ್ಟಿನ ಜೋಡಣೆ ಒಂದೂವರೆ ಗಂಟೆಗೆ ಇಳಿಯಿತು. ಆದರೆ ದಿನವಿಡೀ ಒಂದೇ ತಿರುಪನ್ನು ತಿರುಗಿಸುವ ಕೆಲಸಕ್ಕೆ ಜನ ನಿಲ್ಲಲಿಲ್ಲ. ಸುಮಾರು 14,000 ಜನರನ್ನು ಕೆಲಸದಲ್ಲಿ ಉಳಿಸಿಕೊಳ್ಳಲು ಆ ವರ್ಷ 50,000ಕ್ಕೂ ಮೇಲೆ ಜನರನ್ನು ಸೇರಿಸಿಕೊಳ್ಳಬೇಕಾಯಿತು. ಬಿಟ್ಟುಹೋಗುವ ಕಾಲುಗಳೇ ಅಲ್ಲಿ ಮುಷ್ಕರ ಮಾಡಿದವು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು 5 ಡಾಲರಿಗೆ, ಅಂದರೆ ಸುಮಾರು ಎರಡು ಪಟ್ಟಿಗೆ ಏರಿಸಿ, ಕೆಲಸವನ್ನು 9 ಗಂಟೆಯಿಂದ 8 ಗಂಟೆಗೆ ಇಳಿಸಿದ. ಅವನು ಧರ್ಮಾತ್ಮನಾಗಿರಲಿಲ್ಲ. ಕಾರ್ಮಿಕ ಸಂಘವನ್ನು 1941ರವರೆಗೆ ಒಳಗೆ ಬಿಡಲಿಲ್ಲ. ಹಾಗಿದ್ದೂ ಹೊತ್ತು ಇಳಿಸಿ ಕೂಲಿ ಏರಿಸಿದ ಮೇಲೆ ಅವನ ಕಾರ್ಖಾನೆ ಮುಳುಗಲಿಲ್ಲ, ಬೆಳೆಯಿತು. ನಮ್ಮ 70 ಗಂಟೆಯ ಉಪದೇಶಕರು ಇದನ್ನೂ ಓದಲಿ.

ಇಲ್ಲಿಯವರೆಗೆ ಓದಿದ ಅಂಗಡಿಕಾರ ಮಿತ್ರರು, ಇದು ಗಿರಣಿಯವರ ಜಗಳ, ನಮಗೇನು ಎನ್ನಬಹುದು. ಕೂಲಿ ಏರಿದರೆ ಹಮಾಲಿಯೂ ಏರುತ್ತದೆ, ಅಂಗಡಿಯ ಹುಡುಗನೂ ಹೆಚ್ಚು ಕೇಳುತ್ತಾನೆ ಎಂಬ ಅಳುಕು ಅವರಿಗಿದೆ. ಅದು ಸುಳ್ಳಲ್ಲ. ಆದರೆ ಅವರು ಇನ್ನೊಂದು ಲೆಕ್ಕವನ್ನೂ ನೋಡಬೇಕು. ಶ್ರಮವಿಭಜನೆ ಎಷ್ಟು ದೂರ ಹೋಗಬಲ್ಲದು ಎಂಬುದು ಮಾರುಕಟ್ಟೆಯ ವಿಸ್ತಾರವನ್ನು ಅವಲಂಬಿಸಿದೆ ಎಂದು ಸ್ಮಿತ್ ಹೇಳಿದ. ಇದು ನಮ್ಮ ಬಜಾರಿನಲ್ಲೇ ಕಾಣುವ ಮಾತು. ಹಳ್ಳಿಯ ಒಂದೇ ಅಂಗಡಿಯಲ್ಲಿ ಉಪ್ಪು, ಬೆಲ್ಲ, ಬಳೆ, ಬೀಡಿ, ಹಗ್ಗ ಎಲ್ಲ ಇರುತ್ತವೆ. ತಾಲ್ಲೂಕಿಗೆ ಬಂದರೆ ಕಿರಾಣಿ ಬೇರೆ, ಬಟ್ಟೆ ಬೇರೆ, ಪಾತ್ರೆ ಬೇರೆ. ಕೊಳ್ಳುವವರು ಹೆಚ್ಚಾದಂತೆ ಕಸಬುಗಳು ಬೇರೆಯಾಗಿ ನಿಲ್ಲುತ್ತವೆ, ಪ್ರತಿಯೊಂದೂ ಬದುಕುತ್ತದೆ. ಕೊಳ್ಳುವವರು ಯಾರು? ಸಂಬಳದ ಮಾರನೆಯ ದಿನ ಬಜಾರಿನಲ್ಲಿ ನಿಂತವರಿಗೆ ಇದು ಗೊತ್ತು. ಕಾರ್ಮಿಕನ ಕೈಗೆ ಬಂದ ನೂರು ರೂಪಾಯಿ ವಾರದೊಳಗೆ ಕಿರಾಣಿಗೆ, ಬಟ್ಟೆ ಅಂಗಡಿಗೆ, ಚಹದಂಗಡಿಗೆ, ಸೈಕಲ್ ರಿಪೇರಿಗೆ ಹೋಗುತ್ತದೆ, ಹಳೆಯ ಉದ್ರಿ ತೀರುತ್ತದೆ. ಷೇರುದಾರನ ಲಾಭ ನಮ್ಮ ಬಜಾರಿಗೆ ಬಂದು ಅರ್ಧ ಸೇರು ಬೇಳೆ ಕೊಳ್ಳುವುದಿಲ್ಲ. ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದಾಗ, ಗಿರಣಿಯ ಸುತ್ತಲಿನ ಸಣ್ಣ ಅಂಗಡಿಗಳಿಗೆ ಅದರ ಬಿಸಿ ತಟ್ಟದೆ ಇರಲಿಲ್ಲ.

ಹೆಚ್ಚು ಹೊತ್ತು ದುಡಿದರೆ ಏಳಿಗೆಯೆಂಬ ಮಾತಿಗೆ ಸಣ್ಣ ವ್ಯಾಪಾರಿಯೇ ಸಾಕ್ಷಿ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಹಾಕುವವನು ವಾರಕ್ಕೆ ನೂರು ಗಂಟೆ ಗಲ್ಲಾದ ಮುಂದೆ ಕೂರುತ್ತಾನೆ. ಅವನು ಕೋಟ್ಯಧೀಶನಾಗಿದ್ದಾನೆಯೇ? ಗಿರಾಕಿಯ ಜೇಬಿನಲ್ಲಿ ದುಡ್ಡಿಲ್ಲದಿದ್ದರೆ ಇನ್ನೆರಡು ಗಂಟೆ ಹೆಚ್ಚು ಕೂತರೂ ಮಾರಾಟ ಅಷ್ಟೇ.

ಈಗ ದೇಶದ ಲೆಕ್ಕ ನೋಡಿ. ಸಂಘಟಿತ ಕಾರ್ಖಾನೆಗಳಲ್ಲಿ ಹುಟ್ಟಿದ ನಿವ್ವಳ ಮೌಲ್ಯದಲ್ಲಿ ಕಾರ್ಮಿಕರ ಕೂಲಿಯ ಪಾಲು 1980ರ ದಶಕದ ಆರಂಭದಲ್ಲಿ ನೂರಕ್ಕೆ ಸುಮಾರು 30 ಇತ್ತು. ಇಪ್ಪತ್ತೈದು ವರ್ಷ ಕಳೆಯುವ ಹೊತ್ತಿಗೆ ಅದು ನೂರಕ್ಕೆ ಸುಮಾರು 10ಕ್ಕೆ ಕುಸಿಯಿತು. ಆ ಅವಧಿಯಲ್ಲಿ ತಲೆಗೆ ಆಗುವ ಉತ್ಪಾದನೆ ಏರಿತ್ತು, ಇಳಿದಿರಲಿಲ್ಲ. ಕೇಂದ್ರ ಸರ್ಕಾರದ್ದೇ ಆದ 2024–25ರ ಆರ್ಥಿಕ ಸಮೀಕ್ಷೆ, 2023–24ರಲ್ಲಿ ದೊಡ್ಡ ಕಂಪನಿಗಳ ಲಾಭ ನೂರಕ್ಕೆ 22.3 ಏರಿದರೆ ಅವುಗಳಲ್ಲಿನ ನೌಕರಿ ನೂರಕ್ಕೆ 1.5 ಮಾತ್ರ ಹೆಚ್ಚಿತೆಂದು ಒಪ್ಪಿಕೊಂಡಿದೆ. ಕೂಲಿ ಹೀಗೆ ಹಿಂದೆ ಬಿದ್ದರೆ ಮುಂದೆ ಬೇಡಿಕೆಯೇ ಕುಂದುತ್ತದೆಂದು ಆ ಸಮೀಕ್ಷೆಯೇ ಎಚ್ಚರಿಸಿದೆ. ಇದನ್ನು ಹೇಳಿದವರು ನಾವಲ್ಲ, ಸರ್ಕಾರದ ಅರ್ಥಶಾಸ್ತ್ರಜ್ಞರು.

ಹಾಗಾದರೆ ಏನಾಗಬೇಕು? ಹೊಸ ಯಂತ್ರ ಬೇಡವೆಂದು ನಾವು ಹೇಳುವುದಿಲ್ಲ. ಹಳೆಯ ಯಂತ್ರವನ್ನೇ ತಬ್ಬಿಕೊಂಡ ಗಿರಣಿ ಮುಚ್ಚಿದರೆ ಮೊದಲು ಬೀದಿಗೆ ಬೀಳುವವನು ಕಾರ್ಮಿಕನೇ. ಆದರೆ ಷರತ್ತುಗಳಿರಬೇಕು. ಆ ಷರತ್ತುಗಳನ್ನು ಹೊಸದಾಗಿ ಕಂಡುಹಿಡಿಯಬೇಕಾಗಿಯೂ ಇಲ್ಲ. 1957ರ ಜುಲೈಯಲ್ಲಿ ನಡೆದ 15ನೆಯ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕರು ಮೂವರೂ ಕುಳಿತು ಒಪ್ಪಿದ್ದರು. ಯಂತ್ರ ಸುಧಾರಣೆಯಿಂದ ಇದ್ದವರ ಕೆಲಸವಾಗಲಿ ಸಂಪಾದನೆಯಾಗಲಿ ಹೋಗಕೂಡದು. ಬಂದ ಲಾಭ ಸಮಾಜಕ್ಕೂ ಮಾಲೀಕನಿಗೂ ಕಾರ್ಮಿಕನಿಗೂ ನ್ಯಾಯವಾಗಿ ಹಂಚಿಕೆಯಾಗಬೇಕು. ಹೊರೆ ಎಷ್ಟೆಂದು ತಜ್ಞರು ಸರಿಯಾಗಿ ಅಳೆದು, ಕೆಲಸದ ಸ್ಥಿತಿಗತಿಯನ್ನೂ ಸುಧಾರಿಸಬೇಕು. ಇದು ಕಾನೂನಾಗಲಿಲ್ಲ, ಕಾಗದದಲ್ಲೇ ಹೆಚ್ಚಾಗಿ ಉಳಿಯಿತು. ಉತ್ಪಾದಕತೆಯ ಮಾತನ್ನು ಮತ್ತೆ ಎತ್ತಿದವರು ಈ ಕಾಗದವನ್ನೂ ಮತ್ತೆ ಎತ್ತಲಿ. ಇನ್ನೊಂದು ಯಂತ್ರ ನೋಡಿಕೊ ಎಂದು ಹೇಳುವ ಮುನ್ನ ಸಂಘದೊಡನೆ ಲಿಖಿತ ಒಪ್ಪಂದವಾಗಲಿ, ಹೊರೆ ಅಳೆಯುವಾಗ ಕಾರ್ಮಿಕರ ಪ್ರತಿನಿಧಿ ಪಕ್ಕದಲ್ಲಿರಲಿ, ಅದೇ ಒಪ್ಪಂದ ಗುತ್ತಿಗೆಯವನಿಗೂ ಹೆಂಗಸರಿಗೂ ಅನ್ವಯವಾಗಲಿ, ದಿನದ ದುಡಿಮೆ 8 ಗಂಟೆಗೆ ನಿಲ್ಲಲಿ. ನಮ್ಮ ಬೇಡಿಕೆ ಇಷ್ಟೆ.

ಕೊನೆಗೊಂದು ಮಾತು. ಗುಂಡುಸೂಜಿಯನ್ನು ಹೊಗಳಿದ ಸ್ಮಿತ್ ಅದೇ ಗ್ರಂಥದ ಕೊನೆಯ ಭಾಗದಲ್ಲಿ, ಜೀವಮಾನವಿಡೀ ಒಂದೆರಡು ಸಣ್ಣ ಕೆಲಸಗಳನ್ನೇ ಮಾಡುತ್ತ ಉಳಿದ ಮನುಷ್ಯನ ಬುದ್ಧಿ ಮಂಕಾಗುತ್ತದೆ, ತನ್ನ ದೇಶದ ಹಿತಾಹಿತವನ್ನೂ ಅವನು ತೂಗಲಾರದಂತಾಗುತ್ತಾನೆ ಎಂದು ಚಿಂತೆಪಟ್ಟ. ಅದಕ್ಕೆ ಅವನು ಹೇಳಿದ ಮದ್ದು, ಬಡವರ ಮಕ್ಕಳಿಗೆ ಸರ್ಕಾರ ಕೊಡಬೇಕಾದ ವಿದ್ಯೆ. ನಾವು ಅದಕ್ಕೆ ಬಿಡುವನ್ನೂ ಸೇರಿಸುತ್ತೇವೆ. ಹನ್ನೆರಡು ಗಂಟೆ ಯಂತ್ರದ ಮುಂದೆ ನಿಂತು ಬಂದವನು ಪತ್ರಿಕೆ ಓದಲಾರ, ಮಗಳ ಪಾಠ ಕೇಳಲಾರ, ಸಂಘದ ಸಭೆಗೆ ಬರಲಾರ. ಹಾಗೆ ಬರಲಾರದವನ ಪಾಲನ್ನು ಅವನ ಬೆನ್ನ ಹಿಂದೆ ಇತರರೇ ಬರೆದುಕೊಳ್ಳುತ್ತಾರೆ. ಎಂಟು ಗಂಟೆಯ ದಿನವನ್ನು ಕಾಪಾಡಿಕೊಳ್ಳುವುದು ಮೈಗಳ್ಳತನವಲ್ಲ. ಲೆಕ್ಕ ಬರೆಯುವಾಗ ನಾವೂ ಎದುರಿಗಿರಬೇಕೆಂಬ ಹಟ ಅದು. ಗಿರಣಿಯ ಕಾರ್ಮಿಕರೂ ಬಜಾರಿನ ವ್ಯಾಪಾರಿಗಳೂ ಈ ಹಟದಲ್ಲಿ ಒಂದಾಗಲೆಂದು ನಾವು ಕೇಳಿಕೊಳ್ಳುತ್ತೇವೆ.